ಯಾರೂ ನೋಡದ ಕಡೆ ಬೀಳುವ ಮಳೆ

ಮಾರ್ಚ್ ೯

ಅಪ್ಪನಿಗೆ,

ಇನ್ನು ನಿನ್ನ ಹತ್ತಿರ ಮಾತಾಡಲ್ಲ ಅಂದಿರಿ. ಬರೆಯಲ್ಲ ಅಂತ ಹೇಳಲಿಲ್ಲ. ಅದಕ್ಕೇ ಈ ಕಾಗದ. ಇಪ್ಪತ್ತು ನಿಮಿಷದ ಬಸ್ಸಿನ ದಾರಿಗೆ ಕಾಗದ ಬರೆಯುವ ಅಪ್ಪ-ಮಗಳು ಇಡೀ ಊರಿನಲ್ಲಿ ನಾವಿಬ್ಬರೇ ಇರಬೇಕು. "ಇಬ್ಬರೂ ಸೇರ್ಕೊಂಡು ನನ್ನನ್ನ ಪೋಸ್ಟ್‌ಮನ್ ಮಾಡಿದ್ರಲ್ಲ" ಎಂದು ಬೈದುಕೊಂಡೇ ಅಮ್ಮ ಈ ಕಾಗದವನ್ನೂ ಜೊತೆಗೊಂದು ಆಟದ ಡಬ್ಬಿಯನ್ನೂ ಹೊತ್ತು ತರುತ್ತಿದ್ದಾಳೆ.

ಜನವರಿಯಲ್ಲಿ ಹೇಳಿದ್ದಕ್ಕೆ ಕ್ಷಮೆ ಕೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಅಮ್ಮನ ಹೊಲಿಗೆ ಯಂತ್ರದ ಮೇಲೆ ಸೋರುತ್ತದೆ ಅಂತ, ಮುರಿದು ಕೂಡಿಸಿದ ಸೊಂಟ ಇಟ್ಟುಕೊಂಡು ಏಣಿಯ ಮೂರನೇ ಮೆಟ್ಟಿಲಲ್ಲಿ ನಿಂತಿದ್ದಿರಿ. "ಇನ್ನೊಂದು ಸಲ ಬೀಳ್ಬೇಕಾ? ಆ ಏಣಿ ಮಾರಿಬಿಡಿ" ಅಂದೆ. ಈಗಲೂ ಅದನ್ನೇ ಅನ್ನುತ್ತೇನೆ.

ಬರೆಯುತ್ತಿರುವುದು ಕೆಲಸದ ವಿಷಯಕ್ಕೆ. ನಾವು ಮಾಡುತ್ತಿರುವ ವಿಡಿಯೊ ಗೇಮ್‌ನಲ್ಲಿ ಒಂದು ಊರಿದೆ. ಟೋಪಿ ಹಾಕಿದ ಒಬ್ಬ ಆಳು ಬೀದಿ, ಗೋಡೆ, ಛಾವಣಿಗಳ ಮೇಲೆಲ್ಲ ಓಡಾಡಿ ಮನೆಮನೆಗೆ ಕಾಗದ ತಲುಪಿಸಬೇಕು. ಆಟದ ಮುಕ್ಕಾಲು ಪಾಲು ಮಳೆ. ಆ ಮಳೆ ಪೂರ್ತಿ ನನ್ನದು. ಇಷ್ಟು ವರ್ಷ ಬೇರೆಯವರ ಹೊಗೆಗೆ, ಬೇರೆಯವರ ಧೂಳಿಗೆ ಕೈ ಜೋಡಿಸಿದವಳು ನಾನು. ಒಂದನ್ನು ಪೂರ್ತಿ ನನ್ನ ಕೈಗೆ ಕೊಟ್ಟಿರುವುದು ಇದೇ ಮೊದಲು. ಸೆಪ್ಟೆಂಬರಿನಲ್ಲಿ ಆಟ ಅಂಗಡಿಗೆ ಬರುತ್ತದೆ. ನೋಡಿದವರೆಲ್ಲ ಚೆನ್ನಾಗಿದೆ ಅನ್ನುತ್ತಾರೆ. ನನಗೆ ಮಾತ್ರ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನು ಅಂತ ಗೊತ್ತಾಗುತ್ತಿಲ್ಲ. ತಲೆ ಕೆಟ್ಟುಹೋಗಿದೆ.

ನಲವತ್ತು ವರ್ಷ ಸೋರುವ ಛಾವಣಿ ರಿಪೇರಿ ಮಾಡಿದವರು ನೀವು. ಮಳೆಯನ್ನು ಇಷ್ಟು ಹತ್ತಿರದಿಂದ, ಇಷ್ಟು ಸಿಟ್ಟಿನಿಂದ ನೋಡಿದ ಇನ್ನೊಬ್ಬರು ನನಗೆ ಗೊತ್ತಿಲ್ಲ. ಆ ಡಬ್ಬಿಯನ್ನು ಟಿವಿಗೆ ಸಿಕ್ಕಿಸಿ ಆಡಿ ನೋಡಿ. ತಪ್ಪು ಹೇಳಿ.

ನಿಮ್ಮ ಮಗಳು


ಮಾರ್ಚ್ ೨೧

ಮಗಳಿಗೆ,

ಡಬ್ಬಿ ಬಂತು. ನಿನ್ನ ಅಮ್ಮನೇ ಟಿವಿಗೆ ಸಿಕ್ಕಿಸಿದಳು. ಆ ಗುಂಡಿ ಒತ್ತುವ ಸಾಮಾನು ನನ್ನ ಕೈಗೆ ಅಂತ ಮಾಡಿದ್ದಲ್ಲ. ಹೆಬ್ಬೆರಳಲ್ಲಿ ಒಂದು ಒತ್ತಿದರೆ ಪಕ್ಕದ ಎರಡೂ ಒತ್ತಿಕೊಳ್ಳುತ್ತವೆ. ನಿನ್ನ ಟೋಪಿಯವನು ಮೂರು ದಿನ ಗೋಡೆಗೆ ಹಣೆ ಚಚ್ಚಿಕೊಂಡು ನಿಂತಿದ್ದ. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದು ನಿನ್ನ ಅಮ್ಮ ಯಂತ್ರದ ಹಿಂದೆ ಕೂತು ನಗುತ್ತಾಳೆ. ಅವಳಿಗೇನು, ನಕ್ಕುಬಿಟ್ಟರಾಯಿತು.

ತಪ್ಪು ಹೇಳು ಅಂದೆ, ಹೇಳುತ್ತೇನೆ. ಇದು ಮಳೆಯೇ ಅಲ್ಲ. ಯಾರೋ ಮೇಲೆ ಕೂತು ನೂಲು ಬಿಡುತ್ತಿದ್ದಾರೆ. ಮರಗಳೆಲ್ಲ ಗಾಳಿಗೆ ಎಡಕ್ಕೆ ಬಾಗಿವೆ, ಮಳೆ ಮಾತ್ರ ನೆಟ್ಟಗೆ ಇಳಿಯುತ್ತದೆ. ಎರಚಲು ಎಲ್ಲಿ ಹೋಯಿತಮ್ಮಾ? ಬಾಗಿಲ ಹೊಸ್ತಿಲು ಒದ್ದೆಯಾಗಿಲ್ಲ, ಕಿಟಕಿ ಕಟ್ಟೆ ಒದ್ದೆಯಾಗಿಲ್ಲ. ಅಂಗಡಿಯ ಮುಂದಿನ ಬಟ್ಟೆ ಚಪ್ಪರದ ಕೆಳಗೆ ನಿಂತರೆ ಮಾತ್ರ ಹನಿಗಳು ಬಟ್ಟೆಯನ್ನು ತೂರಿಕೊಂಡು ಟೋಪಿಯ ಮೇಲೆ ಬೀಳುತ್ತವೆ! ನೆಲ ಒಂದೇ ಏಟಿಗೆ ಒರೆಸಿದ ಹಾಗೆ ಕಪ್ಪಾಗುತ್ತದೆ. ಮೊದಲು ಚುಕ್ಕೆ, ಆಮೇಲೆ ಮಚ್ಚೆ, ಆಮೇಲಲ್ಲವೇ ನೆಲ? ನಿಲ್ಲಿಸಿದ ಗಾಡಿಯ ಅಡಿಯಲ್ಲಿ ಒಣ ಜಾಗ ಉಳಿಯಬೇಡವೇ? ಒಬ್ಬ ಹೆಂಗಸು ಹಗ್ಗದ ಮೇಲೆ ಬಟ್ಟೆ ಒಣಹಾಕಿ, ಸುರಿಯುವ ಮಳೆಯಲ್ಲಿ ಅದರ ಪಕ್ಕದಲ್ಲೇ ನಿಂತು ಹರಟೆ ಹೊಡೆಯುತ್ತಾಳೆ. ಅವಳಿಗೆ ತಲೆ ಸರಿ ಇದೆಯಾ ಕೇಳು.

ಹೆಂಚಿನ ಮೇಲೂ ಅದೇ ಸದ್ದು, ತಗಡಿನ ಮೇಲೂ ಅದೇ ಸದ್ದು. "ಅದು ಮಳೆಯಲ್ಲ ರೀ, ಯಾರೋ ಏನೋ ಹುರೀತಿದ್ದಾರೆ" ಅಂದಳು ನಿನ್ನ ಅಮ್ಮ. ಮಳೆ ನಿಲ್ಲುವುದಂತೂ ನಲ್ಲಿ ತಿರುಗಿಸಿದ ಹಾಗೆ. ಮಳೆ ನಿಂತರೂ ಮರದ ಹನಿ ನಿಲ್ಲದು ಅಂತ ನಿಮ್ಮ ಆಫೀಸಿನಲ್ಲಿ ಒಬ್ಬರಿಗೂ ಗೊತ್ತಿಲ್ಲವಾ?

ಇಷ್ಟು ದೊಡ್ಡ ಊರಿನಲ್ಲಿ ಛಾವಣಿಯ ನೀರು ಇಳಿಯಲು ಒಂದು ಪೈಪಿಲ್ಲ. ಕಟ್ಟಿದವನು ನನ್ನ ಕೈಗೆ ಸಿಕ್ಕಬೇಕು.

ಅಪ್ಪ


ಮಾರ್ಚ್ ೨೪

ಅಪ್ಪನಿಗೆ,

ಕಟ್ಟಿದವನು ಸಿಗುವುದಿಲ್ಲ, ಬೇರೆ ದೇಶದಲ್ಲಿದ್ದಾನೆ. ಮಳೆ ಮಾಡಿದವಳು ಸಿಕ್ಕಿದ್ದಾಳಲ್ಲ, ಬೈಯಿರಿ.

ತಪ್ಪು ಹೇಳಿ ಅಂದವಳು ನಾನೇ, ಸರಿ. ಆದರೆ ಎರಡು ಹಾಳೆಯಲ್ಲಿ ಒಂದೇ ಒಂದು ಒಳ್ಳೆಯ ಮಾತಿಗೆ ಜಾಗವಿರಲಿಲ್ಲವೇ? ನಾನು ಹುಟ್ಟಿದಾಗಿನಿಂದ ನಿಮ್ಮ ಬಾಯಲ್ಲಿ 'ಚೆನ್ನಾಗಿದೆ' ಕೇಳಿಲ್ಲ. ತುಂಬಾ ಮೆಚ್ಚಿದರೆ 'ಸರಿ ಇದೆ.' ಅದೂ ವರ್ಷಕ್ಕೊಂದು ಸಲ, ಸಿಮೆಂಟಿಗೆ.

ಹನಿಗಳು ಚಪ್ಪರ ತೂರುವುದು ಯಾಕೆ ಅಂತ ಹೇಳುತ್ತೇನೆ. ಆಟದಲ್ಲಿ ಮಳೆ ಊರಿಗೆಲ್ಲ ಬೀಳುವುದಿಲ್ಲ. ಲಕ್ಷಾಂತರ ಹನಿಗಳನ್ನು ಲೆಕ್ಕ ಹಾಕುತ್ತ ಕೂತರೆ ಯಂತ್ರ ಸುಸ್ತಾಗಿ ಆಟ ತೊಡರುತ್ತದೆ. ಅದಕ್ಕೆ ಆಡುವವನ ಕಣ್ಣಿನ ಸುತ್ತ ಒಂದು ಕೋಣೆಯಷ್ಟು ಜಾಗದಲ್ಲಿ ಮಾತ್ರ ಮಳೆ ಸುರಿಸುತ್ತೇವೆ. ಅವನು ನಡೆದರೆ ಆ ಕೋಣೆ ಅವನ ಜೊತೆ ನಡೆಯುತ್ತದೆ. ದೂರದ ಮಳೆ ಬರೀ ಮಬ್ಬು ಬಣ್ಣ. ನೆಲದ ಮೇಲಿನ ನೀರು ಮೊದಲೇ ಬರೆದಿಟ್ಟ ಚಿತ್ರ. ಎಲ್ಲ ಕಡೆಯೂ ಹೀಗೇ ಮಾಡುವುದು, ನಾನೊಬ್ಬಳೇ ಕಳ್ಳಿಯಲ್ಲ.

ನಿಮ್ಮ ಕಾಗದವನ್ನು ನಮ್ಮ ಮೇಲಿನವನಿಗೆ ಓದಿ ಹೇಳಿದೆ. ಎಲ್ಲದಕ್ಕೂ "ನೋಡೋಕೆ ಚೆಂದ ಇದ್ರೆ ಸಾಕು" ಅನ್ನುತ್ತಾನೆ, ಅದಕ್ಕೆ ಅವನಿಗೆ ಚೆಂದಪ್ಪ ಅಂತ ಹೆಸರಿಟ್ಟಿದ್ದೇವೆ. "ನಿಮ್ಮಪ್ಪ ಆಟ ಆಡ್ತಿದ್ದಾರೋ, ಮನೆ ಕೊಳ್ಳೋಕೆ ಬಂದಿದ್ದಾರೋ?" ಎಂದು ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆಮೇಲೆ ಮೈಯೆಲ್ಲ ಉರಿಯಿತು.

ನಿಮ್ಮ ಮಗಳು


ಏಪ್ರಿಲ್ ೬

ಮಗಳಿಗೆ,

ನೀನು ಬರೆದದ್ದನ್ನು ನಾಲ್ಕು ಸಲ ಓದಿದೆ. ಯಾರೂ ನೋಡದ ಕಡೆ ಮಳೆ ಬೀಳುವುದೇ ಇಲ್ಲ ಅನ್ನುತ್ತೀಯಲ್ಲ. ಹಾಗಾದರೆ ಆ ಊರಿನಲ್ಲಿ ಸೋರುವುದು ಹೇಗೆ?

ನಗಬೇಡ. ಎಲ್ಲ ಮನೆಯಲ್ಲೂ ಸೋರಿಕೆ ಹಿಡಿಯುವುದೇ ಯಾರೂ ನೋಡದ ಕಡೆ. ಬೀದಿಯ ಮಳೆಯನ್ನು ನೋಡಲು ಯಾರು ಬೇಕಾದರೂ ಇದ್ದಾರೆ. ತಗಡಿನ ಮಡಿಕೆಯಲ್ಲಿ, ಸ್ಕ್ರೂವಿನ ತೂತಿನಲ್ಲಿ, ತೊಲೆಯ ಬೆನ್ನ ಮೇಲೆ ಸದ್ದಿಲ್ಲದೆ ಹರಿಯುವ ನೀರಿದೆಯಲ್ಲ, ಮನೆ ಕೆಡಿಸುವುದು ಅದು. ಒಂದು ಕಡೆ ಹೊಕ್ಕು ಹತ್ತಡಿ ಆಚೆ ಇಳಿಯುತ್ತದೆ. ಹನಿ ಬಿದ್ದ ಕಡೆ ತಲೆ ಎತ್ತಿ ನೋಡಿ 'ತೂತು ಇಲ್ಲೇ' ಅನ್ನುವವನು ಶುದ್ಧ ಪೆದ್ದ.

ನಿನಗೆ ಇದನ್ನೆಲ್ಲ ಹೇಳಿಕೊಡಬೇಕಾ? ಹತ್ತು ಹನ್ನೊಂದು ವರ್ಷದವಳಿದ್ದಾಗ ನನ್ನ ಜೊತೆ ಬರುತ್ತಿದ್ದೆ. ನಾನು ಪೈಪು ಹಿಡಿದು ಮೇಲೆ, ನೀನು ಬಳಪ ಹಿಡಿದು ಒಳಗೆ. ಕೆಳಗಿನ ಸಾಲಿನಿಂದ ಶುರು ಮಾಡಿ, ಒಂದೊಂದು ಸಾಲಿಗೂ ಹತ್ತು ನಿಮಿಷ ನೀರು. "ಬಂತಾ?" ಎಂದು ನಾನು ಕೂಗಬೇಕು. ಹನಿ ಕಂಡರೆ "ಬಂತು" ಎಂದು ನೀನು ಕೂಗಿ ನೆಲದ ಮೇಲೆ ಗುರುತು ಹಾಕಬೇಕು. ಯಾವ ಸಾಲಿಗೆ ಮೊದಲ ಹನಿ ಇಳಿಯಿತೋ ಆ ಸಾಲಿನಲ್ಲೇ ತೂತು. ಕಡ್ಡಿಯ ಹಾಗಿದ್ದೆ, ಕೈಯಲ್ಲಿ ಬಳಪ, ಮೈಯೆಲ್ಲ ಸುಣ್ಣ. ಕೆಲಸದವರೆಲ್ಲ ಬಳಪ ಅಂತಲೇ ಕರೆಯುತ್ತಿದ್ದರು. ಆಮೇಲೆ ಬರುವುದನ್ನೇ ಬಿಟ್ಟೆ. ಇರಲಿ.

ಇಲ್ಲಿ ಅಮ್ಮನ ಯಂತ್ರದ ಮೇಲೆ ಈಗಲೂ ಸೋರುತ್ತದೆ. ಬಟ್ಟಲು ಇಟ್ಟಿದ್ದೇವೆ. ಸೋರಿಕೆ ಮುಚ್ಚುವವನ ಮನೆಯೇ ಸೋರುತ್ತದೆ ಅಂತ ಬಟ್ಟೆ ಹೊಲಿಸಲು ಬಂದವರೆಲ್ಲ ನಗುತ್ತಾರೆ. ದೀಪದ ಬುಡದಲ್ಲೇ ಕತ್ತಲೆ. ಬಂದ ಕೆಲಸಗಾರರು ಮೂವರೂ ಹನಿ ಬಿದ್ದ ಕಡೆಯೇ ಟಾರು ಮೆತ್ತಿ ಹೋದರು. ನಾನು ಕೆಳಗೆ ನಿಂತು ಗಂಟಲು ಹರಿದುಕೊಂಡರೆ ಯಾರು ಕೇಳುತ್ತಾರೆ?

ಅಪ್ಪ


ಏಪ್ರಿಲ್ ೩೦

ಅಪ್ಪನಿಗೆ,

ನಿಮ್ಮ ಕಾಗದ ಬಂದಾಗಿನಿಂದ ನನಗೆ ಬೇರೆ ಕೆಲಸ ಹತ್ತುತ್ತಿಲ್ಲ. ಏನೋ ಸರಿಯಿಲ್ಲ ಅನ್ನಿಸುತ್ತಿತ್ತಲ್ಲ, ಅದು ಇದೇ. ನನ್ನ ಮಳೆ ಟೋಪಿಯವನ ಬೆನ್ನು ಹತ್ತಿದ ನಾಯಿಯ ಹಾಗೆ. ಅವನಿಲ್ಲದಿದ್ದರೆ ಅದೂ ಇಲ್ಲ.

ಚೆಂದಪ್ಪನ ಹತ್ತಿರ ಹೋದೆ. ಒಂದು ಮನೆಯಾದರೂ ಸೋರಲಿ, ಆಡುವವನು ಊರಿನ ಆ ತುದಿಯಲ್ಲಿದ್ದರೂ ಅಲ್ಲಿ ಮಳೆ ಬೀಳುತ್ತಿರಲಿ, ಬಟ್ಟಲು ತುಂಬುತ್ತಿರಲಿ ಅಂದೆ. "ಯಾರೂ ನೋಡದೇ ಇರೋದಕ್ಕೆ ಎರಡು ವಾರ ಕೊಡ್ಲಾ?" ಅಂದ. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಅನ್ನುತ್ತಾರಲ್ಲ, ಅವನ ಎದುರು ನಿಂತಾಗ ಅದರ ಅರ್ಥ ಆಯಿತು. ಎದ್ದು ಬಂದು ಶೌಚಾಲಯದಲ್ಲಿ ನಿಂತು ಅತ್ತೆ. ಅಮ್ಮನಿಗೆ ಹೇಳಬೇಡಿ.

ಆದದ್ದು ಇಷ್ಟು. ಮಳೆ ಈಗ ಗಾಳಿಯ ಜೊತೆ ಬಾಗುತ್ತದೆ. ಹೊಸ್ತಿಲಿಗೆ ಎರಚಲು ಬೀಳುತ್ತದೆ. ಚಪ್ಪರದ ಕೆಳಗೆ ಒಣಗಿದೆ. ಮಳೆ ನಿಂತ ಮೇಲೆ ಮರದಿಂದ, ಸೂರಿನಿಂದ ಎಂಟು ನಿಮಿಷ ಹನಿ ಬೀಳುತ್ತದೆ. ತಗಡಿಗೆ ಬೇರೆ ಸದ್ದು ಹಾಕಿಸಿದ್ದೇನೆ. ಹರಟೆ ಹೊಡೆಯುವ ಹೆಂಗಸು ಮಾತ್ರ ಬೇರೆಯವರ ವಿಭಾಗ. ಅವಳು ಅಲ್ಲೇ ನಿಂತಿರುತ್ತಾಳೆ, ನನ್ನ ಕೈಯಲ್ಲಿ ಏನೂ ಇಲ್ಲ.

ಆಟದ ಹೊಸ ಪ್ರತಿಯನ್ನು ಅಮ್ಮನ ಚೀಲಕ್ಕೆ ಹಾಕಿದ್ದೇನೆ. ಛಾವಣಿಗಳ ಮೇಲೆ ಹತ್ತಿ ನೋಡಿ. ಅಲ್ಲಾದರೂ ಹತ್ತಿ.

ನಿಮ್ಮ ಮಗಳು


ಮೇ ೧೨

ಮಗಳಿಗೆ,

ಹತ್ತಿದೆ. ತಗಡಿನ ಛಾವಣಿ, ಒಳ್ಳೇ ಎರಚಲು. ಗುಂಡಿ ತಪ್ಪಿತು. ಟೋಪಿಯವನು ಜಾರಿ ಮೂರು ಮಹಡಿ ಕೆಳಗೆ ಕಲ್ಲುಹಾಸಿನ ಮೇಲೆ ಬಿದ್ದ.

ಬಿದ್ದವನು ಎದ್ದ. ಮಂಡಿ ಒರೆಸಿಕೊಂಡು ಓಡಿಹೋದ.

ಹನಿ ಬಾಗಿತಾ ಇಲ್ಲವಾ ಅಂತ ತಿಂಗಳುಗಟ್ಟಲೆ ಕೂತು ನೋಡುತ್ತೀರಿ. ಒದ್ದೆ ತಗಡಿನಿಂದ ಜಾರಿದವನಿಗೆ ಏನಾಗುತ್ತದೆ ಅಂತ ನೋಡಲು ನಿಮ್ಮ ಆಫೀಸಿನಲ್ಲಿ ಯಾರೂ ಇಲ್ಲವಾ? ಬೇರೆಯವರಿಗೆ ಗೊತ್ತಿಲ್ಲ, ಒಪ್ಪಿದೆ. ನಿನಗೂ ಗೊತ್ತಿಲ್ಲವಾ?

ಡಬ್ಬಿ ಕಟ್ಟಿಟ್ಟಿದ್ದೇನೆ. ಅಮ್ಮ ತರುತ್ತಾಳೆ.

ಅಪ್ಪ


ಜೂನ್ ೨

ಅಪ್ಪನಿಗೆ,

ಅಮ್ಮ ಮೂರು ವಾರದಿಂದ ಬರಿಗೈಯಲ್ಲಿ ಬಂದು ಹೋಗುತ್ತಿದ್ದಾಳೆ. ನಾನು ಕೊಟ್ಟ ಎರಡು ಕಾಗದವನ್ನು ನೀವು ಒಡೆಯಲೇ ಇಲ್ಲವಂತೆ. ನೀವು ಹಿಡಿದ ಮೊಲಕ್ಕೆ ಮೂರೇ ಕಾಲು, ಗೊತ್ತಿದ್ದದ್ದೇ. "ನಿಮ್ಮಪ್ಪ ಡಬ್ಬಿ ಕಟ್ಟಿದ್ದಾರೆ, ನಾನು ತರಲ್ಲ. ನಿಮ್ಮ ನಿಮ್ಮ ಕೋಪ ನೀವೇ ಹೊತ್ಕೊಳ್ಳಿ" ಎಂದಳು ಅಮ್ಮ. ಹಾಗಾಗಿ ಡಬ್ಬಿ ಇನ್ನೂ ನಿಮ್ಮ ಮನೆಯಲ್ಲೇ ಇದೆ.

ಬೀಳುವುದು, ಏಳುವುದು ನಾನು ಮಾಡಿದ್ದಲ್ಲ. ಆದರೂ ಅದನ್ನು ಮಾಡಿದವರ ಹತ್ತಿರ ಹೋಗಿ ಹೇಳಿದೆ. ಬಿದ್ದವನು ಏಳದಿದ್ದರೆ ಆಟ ಅಲ್ಲಿಗೇ ಮುಗಿಯುತ್ತದಲ್ಲ ಎಂದರು. ಹೌದು, ಅಲ್ಲಿಗೇ ಮುಗಿಯುತ್ತದೆ ಅನ್ನಬೇಕು ಅನ್ನಿಸಿತು. ಅನ್ನದೆ ನನ್ನ ಮೇಜಿಗೆ ವಾಪಸ್ ಬಂದೆ.

ಈ ಒಂದು ಕಾಗದವನ್ನಾದರೂ ಒಡೆಯಿರಿ. ನಿಮಗೆ ಹೇಳಬೇಕಾದದ್ದು ಒಂದಿದೆ, ಬರೆಯಲು ಕೂತರೆ ಕೈ ಬೇರೆ ಏನನ್ನೋ ಬರೆಯುತ್ತದೆ.

ನಿಮ್ಮ ಮಗಳು


ಜೂನ್ ೨೫

ಅಪ್ಪನಿಗೆ,

ಇವತ್ತು ಬರೆದುಬಿಡುತ್ತೇನೆ. ಓದುವುದು ಬಿಡುವುದು ನಿಮಗೆ ಸೇರಿದ್ದು.

ಪ್ರೆಸ್ಸಿನ ಛಾವಣಿ ನೆನಪಿದೆಯಲ್ಲ. ನನಗೆ ಹನ್ನೊಂದು ವರ್ಷ. ನೀವು ತಗಡಿನ ಮೇಲೆ ಪೈಪು ಹಿಡಿದಿದ್ದಿರಿ. ನಾನು ಒಳಗೆ ಕಾಗದದ ರಾಶಿಗಳ ನಡುವೆ ಬಳಪ ಹಿಡಿದು ಕೂತಿದ್ದೆ. ಮೊದಲ ಸಾಲು, ಎರಡನೇ ಸಾಲು, ಮೂರು. ಪ್ರತಿ ಸಲ "ಬಂತಾ?" "ಇಲ್ಲಾ!" ಕತ್ತು ನೋಯುತ್ತಿತ್ತು. ಮಾಲೀಕರ ಮೇಜಿನ ಮೇಲೆ ಅವರ ಮಗನ ಒಂದು ವಿಡಿಯೊ ಗೇಮ್ ಇತ್ತು, ಅಂಗೈಯಷ್ಟು ದೊಡ್ಡದು. ಕೈಗೆತ್ತಿಕೊಂಡೆ. ಕೊಡೆ ಹಿಡಿದ ಒಬ್ಬ ಪುಟ್ಟ ಮನುಷ್ಯ ಓಡುತ್ತಿದ್ದ. ಅದರಲ್ಲಿ ಮಳೆ ಬರುತ್ತಿತ್ತು ಅಪ್ಪ. ಕಪ್ಪು ಗೆರೆಗಳು, ನೆಟ್ಟಗೆ. ಅಷ್ಟು ಚೆಂದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ನಾಲ್ಕನೇ ಸಾಲಿಗೆ ನೀವು "ಬಂತಾ?" ಎಂದು ಕೂಗಿದಿರಿ. ತಲೆ ಎತ್ತದೆ "ಇಲ್ಲಾ!" ಅಂದೆ. ಐದನೇ ಸಾಲಿಗೆ ತಲೆ ಎತ್ತಿದೆ. ಆಗಲೇ ನೆಲದ ಮೇಲೆ ತಟ್ಟೆಯಷ್ಟು ಅಗಲ ನೀರು ನಿಂತಿತ್ತು. ಅದು ಆಗ ಬಿದ್ದದ್ದಲ್ಲ ಅಂತ ನನಗೆ ಗೊತ್ತಿತ್ತು. ಫ್ರಾಕಿನಿಂದ ಒರೆಸಿದೆ, ಬಳಪದಲ್ಲಿ ಗುರುತು ಹಾಕಿದೆ, "ಬಂತು!" ಎಂದು ಕೂಗಿದೆ. ನೀವು ಐದನೇ ಸಾಲಿಗೆ ಟಾರು ಹಾಕಿದಿರಿ. ತೂತು ಇದ್ದದ್ದು ನಾಲ್ಕರಲ್ಲಿ.

ಎಂಟು ದಿನಕ್ಕೆ ದೊಡ್ಡ ಮಳೆ ಬಂತು. ಕಾಗದವೆಲ್ಲ ನೆನೆದು ಮುದ್ದೆಯಾಯಿತು. ಮಾಲೀಕರು ಬಾಗಿಲಲ್ಲಿ ನಿಂತು ಕೂಗಾಡಿದರು. ನೀವು ಸುರಿಯುವ ಮಳೆಯಲ್ಲೇ ಏಣಿ ಹೊತ್ತು ಹೋದಿರಿ. ನಿಮ್ಮನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದದ್ದು ಎರಡು ತಿಂಗಳ ಮೇಲೆ. ಆಮೇಲೆ ನೀವು ನೆಲದ ಮೇಲೆ ನಿಂತು ಬೇರೆಯವರನ್ನು ಹತ್ತಿಸಿದಿರೇ ಹೊರತು ಈ ಜನವರಿಯವರೆಗೆ ನೀವು ಹತ್ತಲಿಲ್ಲ.

ಇಪ್ಪತ್ತೊಂದು ವರ್ಷ ಆಯಿತು. ಬಳಪ ಮುಟ್ಟಲಿಲ್ಲ, ನಿಮ್ಮ ಜೊತೆ ಬರಲಿಲ್ಲ, ಯಾಕೆ ಅಂತ ನೀವು ಕೇಳಲಿಲ್ಲ. ಜನವರಿಯಲ್ಲಿ ನಿಮ್ಮನ್ನು ಏಣಿಯ ಮೇಲೆ ನೋಡಿದಾಗ ಕೂಗಿದ್ದು ನಿಮ್ಮ ಮೇಲೆ ಅಲ್ಲ. ಎಷ್ಟು ವರ್ಷ ಎಷ್ಟು ಮಳೆ ಮಾಡಿದರೂ ಆ ಒಂದು ಹನಿಯನ್ನು ನಾನು ನೋಡಲಿಲ್ಲ ಅನ್ನುವುದು ಹೋಗುವುದಿಲ್ಲ.

ಕ್ಷಮಿಸಿ ಎಂದು ಬರೆಯಲೂ ಧೈರ್ಯವಿಲ್ಲ.

ನಿಮ್ಮ ಮಗಳು


ಜುಲೈ ೧೭

ಮಗಳಿಗೆ,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಬರೀ ಸಿಟ್ಟಲ್ಲ, ಎದುರಿಗಿದ್ದಿದ್ದರೆ ಕೈ ಎತ್ತುತ್ತಿದ್ದೆನೋ ಏನೋ. ನಾಲ್ಕು ದಿನ ಊಟ ಸೇರಲಿಲ್ಲ. ನಿನ್ನ ಅಮ್ಮ ಏನು ಏನು ಎಂದು ಪೀಡಿಸಿದಳು, ಕೊನೆಗೆ ಓದಿ ಹೇಳಿದೆ. ಅವಳು ಯಂತ್ರ ನಿಲ್ಲಿಸಿದಳು. ಆಮೇಲೆ ಕೇಳಿದಳು, "ಟಾರು ಹಾಕಿದ ಮೇಲೆ ಮತ್ತೆ ನೀರು ಬಿಟ್ಟು ನೋಡ್ಲಿಲ್ವಾ ನೀವು?"

ಅದಕ್ಕೆ ಉತ್ತರ ಹೇಳಲು ನನಗೆ ಇಷ್ಟು ದಿನ ಬೇಕಾಯಿತು.

ನೋಡಲಿಲ್ಲ. ನನಗೆ ಕೆಲಸ ಕಲಿಸಿದವರು ಮೊದಲ ದಿನ ಹೇಳಿದ್ದೇ ಇದು: ಮುಚ್ಚಿದ ಮೇಲೆ ಮತ್ತೆ ಕೆಳಗಿನ ಸಾಲಿನಿಂದ ನೀರು ಬಿಡು, ಆಮೇಲೆ ಇಳಿದು ಹೋಗಿ ನಿನ್ನ ಕಣ್ಣಲ್ಲೇ ನೋಡು, ಒಳಗಿರುವವನು ನಿಮ್ಮಪ್ಪನೇ ಆಗಿದ್ದರೂ ನಂಬಬೇಡ. ಅವತ್ತು ಬೆಳಕು ಹೋಗುತ್ತಿತ್ತು. ಮರುದಿನ ಇನ್ನೊಂದು ಛಾವಣಿ ಒಪ್ಪಿಕೊಂಡಿದ್ದೆ. ನೀರು ಬಿಡಲಿಲ್ಲ, ಇಳಿದು ನೋಡಲಿಲ್ಲ, ಏಣಿ ಕಟ್ಟಿ ಮನೆಗೆ ಬಂದೆ. ಬಿದ್ದ ಮೇಲೆ ಕಂಡಕಂಡವರಿಗೆಲ್ಲ "ತಗಡೇ ತುಕ್ಕು ಹಿಡಿದಿತ್ತು, ನಾನೇನು ಮಾಡ್ಲಿ" ಎಂದು ಹೇಳಿದೆ. ನಿನ್ನ ಅಮ್ಮನಿಗೂ ಅದನ್ನೇ ಹೇಳಿದೆ. ಹೇಳೀ ಹೇಳೀ ನಾನೇ ನಂಬಿಬಿಟ್ಟಿದ್ದೆ.

ಹನ್ನೊಂದು ವರ್ಷದ ಮಗು ಕತ್ತು ನೋವು ಅಂತ ತಲೆ ಬಗ್ಗಿಸಿತು. ನಲವತ್ತರ ಹತ್ತಿರದ ಕತ್ತೆ ಯಾಕೆ ಇಳಿದು ಬರಲಿಲ್ಲ?

ಇನ್ನೊಂದು ಮಾತು. ಇದನ್ನು ಬರೆಯುವುದು ಕಷ್ಟ. ನೀನು ಬಳಪ ಬಿಟ್ಟಾಗ ನಾನು ತಿಳಿದುಕೊಂಡದ್ದು ಬೇರೆ. ಟಾರಿನ ವಾಸನೆ, ಕುಂಟುವ ಅಪ್ಪ, ಇವಳಿಗೆ ನಾಚಿಕೆ ಅಂದುಕೊಂಡೆ. ಓದಿ ಆ ಆಫೀಸಿಗೆ ಸೇರಿದಾಗ ಅದು ಖಾತ್ರಿಯಾಯಿತು. ಏಣಿ ಮಾರಿಬಿಡಿ ಅಂದಾಗಲಂತೂ ಎದೆಗೆ ಒದ್ದ ಹಾಗಾಯಿತು. ಇಪ್ಪತ್ತೊಂದು ವರ್ಷ ನೀನು ಹೆದರಿಕೊಂಡಿದ್ದೆ, ನಾನು ಮುನಿಸಿಕೊಂಡಿದ್ದೆ. ಒಂದು ಸಲ ಯಾಕಮ್ಮ ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಹಾಳು ಸ್ವಭಾವ, ನಿನಗೂ ಅದೇ ಬಂದಿದೆ.

ಸುಳ್ಳು ಹೇಳಿದ್ದು ತಪ್ಪೇ. ಫ್ರಾಕಿನಿಂದ ಒರೆಸಿದ್ದು ಇನ್ನೂ ದೊಡ್ಡ ತಪ್ಪು. ಅದಕ್ಕೆ ಏನು ಶಿಕ್ಷೆ ಅಂತ ಯೋಚನೆ ಮಾಡುತ್ತಿದ್ದೇನೆ.

ಡಬ್ಬಿಯನ್ನು ಬಿಚ್ಚಿ ಮತ್ತೆ ಟಿವಿಗೆ ಸಿಕ್ಕಿಸಿಕೊಂಡಿದ್ದೇನೆ. ಟೋಪಿಯವನನ್ನು ಅಂಚಿಗೆ ಬಿಡುತ್ತಿಲ್ಲ.

ಅಪ್ಪ


ಆಗಸ್ಟ್ ೪

ಅಪ್ಪ,

ನಿಮ್ಮ ಕಾಗದವನ್ನು ಬಸ್ಸಿನಲ್ಲಿ ಓದಬಾರದಿತ್ತು. ಇಳಿಯುವ ಜಾಗ ತಪ್ಪಿ ಕೊನೆಯ ನಿಲ್ದಾಣದವರೆಗೆ ಹೋದೆ. ಅದರ ಬಗ್ಗೆ ಇಲ್ಲಿ ಬರೆಯಲಾರೆ, ಎರಡು ಸಲ ಬರೆದು ಹರಿದೆ.

ಚೆಂದಪ್ಪನಿಗೂ ನನಗೂ ದೊಡ್ಡ ಜಗಳವಾಯಿತು. ಎರಡು ವಾರ ಕೊಡುವುದಿಲ್ಲ ಅಂದ. ಊಟದ ಬಿಡುವಿನಲ್ಲಿ ಮಾಡುತ್ತೇನೆ ಅಂದೆ. "ಆಟ ತೊಡರಿದ್ರೆ ಕಿತ್ತು ಬಿಸಾಕ್ತೀನಿ" ಅಂದ. ತೊಡರಲಿಲ್ಲ. "ಇದನ್ನು ಸಾವಿರದಲ್ಲಿ ಒಬ್ಬ ನೋಡಿದ್ರೆ ಹೆಚ್ಚು, ನಿನಗ್ಯಾಕೆ ಈ ಹಟ?" ಎಂದು ಕೇಳಿದ. ಆ ಒಬ್ಬರು ಯಾರು ಅಂತ ನನಗೆ ಗೊತ್ತು ಅಂದೆ.

ಈಗ ಆ ಊರಿನಲ್ಲಿ ಒಂದೇ ಒಂದು ಮನೆ ಸೋರುತ್ತದೆ. ಟೋಪಿಯವನು ಎಲ್ಲೇ ಇರಲಿ, ಆ ಮನೆಯ ಮೇಲೆ ಮಳೆ ಬೀಳುತ್ತಿರುತ್ತದೆ. ನೀವು ಟಿವಿ ಮುಂದಿನಿಂದ ಎದ್ದು ಮುಖ ತೊಳೆಯಲು ಹೋದಾಗಲೂ ಅಲ್ಲಿ ಬಟ್ಟಲು ತುಂಬುತ್ತಿರುತ್ತದೆ. ಬಿದ್ದವನನ್ನು ಏಳದಂತೆ ಮಾಡಲು ನನ್ನಿಂದ ಆಗಲಿಲ್ಲ. ಅವನು ಈಗಲೂ ಮಂಡಿ ಒರೆಸಿಕೊಂಡು ಓಡುತ್ತಾನೆ, ನೋಡಿದಾಗೆಲ್ಲ ಹಲ್ಲು ಕಡಿಯುತ್ತೇನೆ.

ಹೊಸ ಪ್ರತಿ ಅಮ್ಮನ ಚೀಲದಲ್ಲಿದೆ. ಯಾವ ಮನೆ ಅಂತ ಹೇಳುವುದಿಲ್ಲ. ತೂತು ಎಲ್ಲಿದೆ ಅಂತಂತೂ ಹೇಳುವುದೇ ಇಲ್ಲ. ಹುಡುಕಿ.

ಬಳಪ


ಆಗಸ್ಟ್ ೧೯

ಬಳಪ,

ಹನ್ನೊಂದು ದಿನ ಹಿಡಿಯಿತು. ನೂರ ನಲವತ್ತು ಮನೆಯೊಳಗೆ ಹೋಗಿ ತಲೆ ಎತ್ತಿ ನೋಡಿದ್ದೇನೆ. "ಈ ವಯಸ್ಸಲ್ಲಿ ಆಟದ ಹುಚ್ಚು ಹತ್ತಿತಲ್ಲ" ಎಂದು ನಿನ್ನ ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಾಳೆ.

ಮಡಕೆ ಅಂಗಡಿಯ ಹಿಂದಿನ ಮನೆ. ಬಾಗಿಲು ತೆಗೆದಾಗ ಬಟ್ಟಲು ಆಗಲೇ ತುಂಬಿ ಮೇಜಿನ ಮೇಲೆ ಹರಿಯುತ್ತಿತ್ತು. ನಾನು ಹೋಗುವ ಮುಂಚಿನಿಂದ ಬೀಳುತ್ತಿತ್ತು ಅಂತಾಯಿತಲ್ಲ. ಕೈಯಲ್ಲಿದ್ದ ಸಾಮಾನು ಕೆಳಗಿಟ್ಟು ತುಂಬಾ ಹೊತ್ತು ನೋಡಿದೆ. ಹನಿ ಬೀಳುವುದು ಮೇಜಿನ ಮೇಲೆ. ತೂತು ಅಲ್ಲಿಲ್ಲ. ನೀರಿನ ತೊಟ್ಟಿಯ ಪೈಪು ಛಾವಣಿ ಹೊಕ್ಕ ಕಡೆ ಒಂದು ಸ್ಕ್ರೂ ಸಡಿಲ. ಅಲ್ಲಿಂದ ತೊಲೆಯ ಬೆನ್ನು ಹಿಡಿದು ಏಳಡಿ ಬಂದು ಇಳಿಯುತ್ತದೆ. ಅಭ್ಯಾಸ ಬಲ, ಟಿವಿಯ ಗಾಜಿನ ಮೇಲೆ ಬಳಪದಲ್ಲಿ ಗುರುತು ಹಾಕಿಬಿಟ್ಟೆ. ನಿನ್ನ ಅಮ್ಮ ಬೈದಳು. ಒರೆಸಲು ಬಂದವಳು ಒರೆಸದೆ ಹೋದಳು.

ಸರಿ ಇದೆ.

ನಿನ್ನ ಶಿಕ್ಷೆ ಏನು ಅಂತ ತೀರ್ಮಾನ ಆಯಿತು. ಭಾನುವಾರ ಬೆಳಿಗ್ಗೆ ಬಿಸಿಲು ಏರುವ ಮುಂಚೆ ಬಾ. ಏಣಿ ಮಾರಿಲ್ಲ, ಅದರ ಎರಡು ಮೆಟ್ಟಿಲನ್ನು ಹೊಸದಾಗಿ ಬಿಗಿಸಿಟ್ಟಿದ್ದೇನೆ. ಸೊಂಟಕ್ಕೆ ಹಗ್ಗ ಕಟ್ಟದೆ ಮೇಲೆ ಕಾಲಿಟ್ಟರೆ ಕಾಲು ಮುರಿಯುತ್ತೇನೆ. ನೀನು ಪೈಪು ಹಿಡಿದು ಮೇಲೆ. ನಾನು ಬಳಪ ಹಿಡಿದು ಅಮ್ಮನ ಯಂತ್ರದ ಪಕ್ಕ. ಕೆಳಗಿನ ಸಾಲಿನಿಂದ ಶುರು, ಸಾಲಿಗೆ ಹತ್ತು ನಿಮಿಷ, ಒಂದು ಕ್ಷಣ ಕಡಿಮೆ ಇಲ್ಲ. ಪ್ರತಿ ಸಾಲಿಗೂ "ಬಂತಾ?" ಎಂದು ಕೂಗು. ಬಾಯಿ ಬಿಟ್ಟು ಉತ್ತರ ಹೇಳುತ್ತೇನೆ. ಮಾತಾಡಲ್ಲ ಅಂದದ್ದು ಹೌದು. ಛಾವಣಿ ಕೆಲಸದಲ್ಲಿ ಅದು ನಡೆಯುವುದಿಲ್ಲ.

ನನ್ನ ಕಣ್ಣು ಮೊದಲಿನ ಹಾಗಿಲ್ಲ, ಕತ್ತು ಬೇಗ ನೋಯುತ್ತದೆ. ನಾನು ಇಲ್ಲ ಅಂದರೆ ನಂಬಬೇಡ. ಇಳಿದು ಬಂದು ನೋಡು.

ಅಪ್ಪ